ಫಿಂಟನ್ನನ ಸ್ವಂತ ಮಟ್ಟು

ಆ ಶನಿವಾರ ಬೆಳಿಗ್ಗೆ ಫಿಂಟನ್ ಹೆಹಿರನ ಎಡಗೈ ಉಂಗುರಬೆರಳು ಅರ್ಧ ಅಂಗುಲ ಜಾರದೆ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ.

ಜಾರಿದ್ದು ಕೋಳಿಗೂಡಿನ ಪಕ್ಕದ ಶೆಡ್ಡಿನಲ್ಲಿ. ಮನೆಯೊಳಗೆ ಕೊಳಲು ಊದಕೂಡದು ಎಂದು ಹೆಂಡತಿ ಡೊರೀನ್ ಮದುವೆಯಾದ ಮೊದಲ ವಾರವೇ ಕಾನೂನು ಮಾಡಿದ್ದಳು. ಹೀಗಾಗಿ ಫಿಂಟನ್ ದಿನಾ ತನ್ನ ಕ್ಷೌರದಂಗಡಿ ತೆರೆಯುವ ಮೊದಲು ಕೋಳಿಗಳ ಎದುರು ಕೂತು ಮರದ ಕೊಳಲು ಊದುತ್ತಿದ್ದ. ಕೋಳಿಗಳು ಒಳ್ಳೆಯ ಶ್ರೋತೃಗಳು. ಮೊಟ್ಟೆ ಇಡುವುದನ್ನು ಕಡಿಮೆ ಮಾಡಿದ್ದವೇ ಹೊರತು ಮಧ್ಯದಲ್ಲಿ ಎದ್ದುಹೋಗುತ್ತಿರಲಿಲ್ಲ.

ಅವತ್ತು ಊದುತ್ತಿದ್ದುದು ಊರಿಗೆಲ್ಲ ಗೊತ್ತಿದ್ದ ಒಂದು ಹಳೆಯ ಕುಣಿತದ ಮಟ್ಟು. ಬೆರಳು ಜಾರಿತು, ಬರಬೇಕಾದ ಸ್ವರದ ಜಾಗದಲ್ಲಿ ಬೇರೊಂದು ಬಂತು. ಬೇರೆ ದಿನವಾಗಿದ್ದರೆ ಫಿಂಟನ್ ನಾಲಿಗೆ ಕಚ್ಚಿಕೊಂಡು ಮತ್ತೆ ಮೊದಲಿಂದ ಶುರುಮಾಡುತ್ತಿದ್ದ. ಅವತ್ತು ಏನಾಯಿತೋ, ತಪ್ಪಿ ಬಂದ ಸ್ವರದ ಹಿಂದೆಯೇ ಹೋದ. ಅದು ಇನ್ನೊಂದನ್ನು ಕರೆಯಿತು, ಇನ್ನೊಂದು ಮತ್ತೊಂದನ್ನು. ಎರಡನೇ ಚರಣಕ್ಕೆ ಬರುವಾಗ ಕೊಳಲು ತಾನೇ ಮೇಲಕ್ಕೆ ಏರಿ, ಒಂದು ಗಳಿಗೆ ಅಲ್ಲೇ ತೂಗಾಡಿ, ಮೆತ್ತಗೆ ಕೆಳಕ್ಕೆ ಜಾರಿತು. ಫಿಂಟನ್ ಊದುವುದನ್ನು ನಿಲ್ಲಿಸಿದಾಗ ಅವನ ಕಣ್ಣಲ್ಲಿ ನೀರಿತ್ತು. ಇಂಥದ್ದೊಂದನ್ನು ಅವನು ಯಾರಿಂದಲೂ ಕೇಳಿರಲಿಲ್ಲ. ಕ್ಲೇರ್ ಸೀಮೆಯ ಕಿಲ್‌ಮೋನಾ ಊರಿನಲ್ಲಿ, ಆ ಹೊತ್ತಿನಲ್ಲಿ, ಕೋಳಿಗಳ ಸಮಕ್ಷಮದಲ್ಲಿ ಒಂದು ಹೊಸ ಮಟ್ಟು ಹುಟ್ಟಿತ್ತು. ಹುಟ್ಟಿಸಿದವನು ತಾನು ಎಂಬುದನ್ನು ನಂಬಲು ಅವನಿಗೇ ಸ್ವಲ್ಪ ಹೊತ್ತು ಬೇಕಾಯಿತು.

ಹುಟ್ಟಿಸುವುದೇನೋ ಆಯಿತು, ಸಂಜೆಯವರೆಗೆ ಉಳಿಸಿಕೊಳ್ಳುವುದು ಹೇಗೆ? ಆಗಿನ್ನೂ ಜೇಬಿಗೊಂದು ಫೋನು ಬಂದಿರಲಿಲ್ಲ. ಬರೆದಿಡೋಣವೆಂದರೆ ಫಿಂಟನ್ನನಿಗೆ ಸ್ವರ ಬರೆಯಲು ಬಾರದು. ಬಂದರೂ ಬರೆಯುವಂತಿರಲಿಲ್ಲ. ಮಟ್ಟು ಕಿವಿಯಿಂದ ಬರಬೇಕು, ಕಿವಿಗೇ ಹೋಗಬೇಕು. ಹಾಳೆ ನೋಡಿ ನುಡಿಸುವವನಿಗೆ ಕಿಲ್‌ಮೋನಾದಲ್ಲಿ ಪರೀಕ್ಷೆಯಲ್ಲಿ ಚೀಟಿ ಇಟ್ಟವನಿಗಿದ್ದಷ್ಟೇ ಮರ್ಯಾದೆ. ಉಳಿದದ್ದು ಒಂದೇ ದಾರಿ. ಸಂಜೆ ಐದರವರೆಗೆ ಗುನುಗುತ್ತಲೇ ಇರುವುದು.

ಐದಕ್ಕೆ ಏನು ಎಂದರೆ, ಪ್ರತಿ ಶನಿವಾರ ಐದಕ್ಕೆ ಗ್ಯಾರಿಹಿ ಪಬ್ಬಿನಲ್ಲಿ ಊರಿನ ವಾದ್ಯದವರೆಲ್ಲ ಕೂಡುತ್ತಿದ್ದರು. ಬೆಂಕಿಯ ಪಕ್ಕ ಒಳಸುತ್ತು, ಅದರ ಹಿಂದೆ ಹೊರಸುತ್ತು. ಫಿಂಟನ್ ಹೊರಸುತ್ತಿಗೂ ಹೊರಗೆ, ಪಾಯಖಾನೆಯ ಬಾಗಿಲಿಗೆ ಒತ್ತಿಕೊಂಡಿದ್ದ ಸ್ಟೂಲಿನ ಮೇಲೆ. ಯಾರಿಗೆ ಅವಸರವಾದರೂ ಅವನು ಎದ್ದು ದಾರಿ ಬಿಡಬೇಕು. ಒಳಸುತ್ತಿನ ನಡುವೆ ಅಸಂಪ್ಟಾ ಟೀಚರ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತಳಾದ ಮುದುಕಿ. ಮಡಿಲಲ್ಲಿ ಕಾನ್ಸರ್ಟೀನಾ, ಎರಡು ಕೈಯಲ್ಲಿ ಹಿಡಿದು ಹಿಗ್ಗಿಸಿ ಕುಗ್ಗಿಸುವ ಆ ಪುಟ್ಟ ಪೆಟ್ಟಿಗೆಯನ್ನು ಆಕೆ ಮಗುವಿನ ಹಾಗೆ ಇಟ್ಟುಕೊಳ್ಳುತ್ತಿದ್ದಳು. ಮಟ್ಟನ್ನು ಯಾರು ಎತ್ತಬೇಕು ಎನ್ನುವುದು ಆಕೆಯ ಕೈಯಲ್ಲಿ. ಆಕೆ ತಿರುಗಿ “ನಿಂದೊಂದು ಆಗ್ಲಿ” ಎಂದರೆ ಮಾತ್ರ ಎತ್ತಬೇಕು. ಉಳಿದವರು ಹಿಂದೆ ಬರುತ್ತಾರೆ. ಇಷ್ಟು ವರ್ಷಗಳಲ್ಲಿ ಆಕೆ ಫಿಂಟನ್ನನ ಕಡೆ ತಿರುಗಿ ಹೇಳಿದ್ದು “ಬಾಗಿಲು ಹಾಕು, ಗಾಳಿ ಬರ್ತಿದೆ” ಎಂದಷ್ಟೇ.

ಅಲ್ಲಿ ಮಟ್ಟುಗಳಿಗೆ ಜನರ ಹೆಸರೇ ಹೆಸರು. ಇಂಥವನ ಮಟ್ಟು, ಇಂಥವಳ ಅಜ್ಜಿಯ ಮಟ್ಟು. ಮನುಷ್ಯ ಸತ್ತು ಗೋರಿಯ ಕಲ್ಲು ಸವೆದರೂ ಶನಿವಾರ ಶನಿವಾರ ಅವನ ಹೆಸರು ಪಬ್ಬಿನಲ್ಲಿ ಕೇಳುತ್ತದೆ. ಎಲ್ಲೋ ಒಂದು ದಿನ ಯಾರೋ ಒಬ್ಬರು “ಇದು ಫಿಂಟನ್ ಹೆಹಿರನ ಮಟ್ಟು ಕಣ್ರೋ” ಎನ್ನಬೇಕು. ಅಷ್ಟಾದರೆ ಸಾಕು, ಫಿಂಟನ್ನನಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ.

ಗುನುಗುತ್ತಲೇ ತಿಂಡಿಗೆ ಕೂತ. ಡೊರೀನ್ ರೊಟ್ಟಿಗೆ ಬೆಣ್ಣೆ ಹಚ್ಚುತ್ತ ಕೇಳಿದಳು: “ಬಾಯಲ್ಲಿ ಏನಿಟ್ಕೊಂಡಿದ್ದೀಯ?”

“ಹೂಂ ಹುಹೂಂ ಹೂಂ,” ಎಂದ ಫಿಂಟನ್, ತಾಳ ತಪ್ಪದ ಹಾಗೆ.

“ಸರಿಹೋಯ್ತು. ಅಮ್ಮ ಈ ಬೇಸಿಗೆ ಪೂರ್ತಿ ನಮ್ಮನೇಲೇ ಇರ್ತಾಳಂತೆ. ಆಗ್ಬಹುದಾ?”

ಅದೇ ಹೊತ್ತಿಗೆ ಮಟ್ಟಿನ ಎರಡನೇ ಚರಣ ಬಂದಿತ್ತು. ಫಿಂಟನ್ ಕಣ್ಣು ಮುಚ್ಚಿ, ಮುಖದ ತುಂಬ ಆನಂದ ತುಂಬಿಕೊಂಡು, “ಹೂಂ... ಹೂಂ... ಹೂಂ” ಎಂದು ತಲೆಯಾಡಿಸಿದ.

ಡೊರೀನ್ ಬೆಣ್ಣೆಯ ಚಾಕು ಹಿಡಿದುಕೊಂಡು ಹಾಗೇ ನಿಂತಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ತನ್ನ ತಾಯಿಯ ಹೆಸರೆತ್ತಿದಾಗ ಗಂಡನ ಮುಖ ಇಷ್ಟು ಅರಳಿದ್ದನ್ನು ಅವಳು ನೋಡಿರಲಿಲ್ಲ. “ನೀನು ಇಷ್ಟು ಒಳ್ಳೆಯವನು ಅಂತ ನಂಗೊತ್ತೇ ಇರ್ಲಿಲ್ಲ ಕಣೋ,” ಎಂದು ಅವನ ಹಣೆಗೆ ಮುತ್ತು ಕೊಟ್ಟು, ಆಗಲೇ ತಾಯಿಗೆ ತಂತಿ ಕಳಿಸಲು ಅಂಚೆಕಚೇರಿಗೆ ಹೊರಟಳು. ಅದು ಫಿಂಟನ್ನನ ತಲೆಗೆ ಹೋಗಲೇ ಇಲ್ಲ. ತಲೆಯಲ್ಲಿ ಜಾಗ ಇರಲಿಲ್ಲ.

ಅಂಗಡಿಯಲ್ಲಿ ಮೊದಲ ಗಿರಾಕಿ ಪಾಕಿ ಮೆಸ್ಕಲ್. ಹೊಲ, ಹಸು, ಹಳೇ ಟ್ರ್ಯಾಕ್ಟರು, ಇವಿಷ್ಟೇ ಅವನ ಪ್ರಪಂಚ. ಫಿಂಟನ್ ಗುನುಗುತ್ತ ಕತ್ತರಿ ಹಿಡಿದ. ಕತ್ತರಿಗೂ ಕಿವಿಯಿದೆಯೋ ಏನೋ, ಮಟ್ಟಿನ ಜೊತೆ ಅದೂ ಕುಣಿಯಲು ಶುರುಮಾಡಿತು. ಮೊದಲ ಚರಣಕ್ಕೆ ಎಡಗಡೆ, ಎರಡನೆಯದಕ್ಕೆ ಬಲಗಡೆ. ಊರಿನ ಪದ್ಧತಿಯಂತೆ ಪ್ರತಿ ಚರಣವನ್ನೂ ಎರಡೆರಡು ಸಲ ನುಡಿಸಬೇಕಲ್ಲ, ಕತ್ತರಿಯೂ ಎರಡೆರಡು ಸಲ ಹೋಯಿತು. ಮಟ್ಟು ಮುಗಿಯುವ ಹೊತ್ತಿಗೆ ಪಾಕಿಯ ತಲೆ ಉಣ್ಣೆ ಕತ್ತರಿಸಿದ ಕುರಿಯ ಹಾಗಾಗಿತ್ತು.

ಪಾಕಿ ಕನ್ನಡಿ ನೋಡಲೇ ಇಲ್ಲ. “ಅದ್ಯಾವ ಮಟ್ಟೋ ಅದು? ಭಾರಿ ಚೆನ್ನಾಗಿದೆಯಲ್ಲೋ! ನಮ್ಮ ತಾಯಿ ಹಾಲು ಕರೆಯೋವಾಗ ಹೇಳ್ಕೊಳ್ತಿದ್ದಂಗೆ ಐತೆ.”

“ಹೂಂ ಹುಹೂಂ,” ಎಂದ ಫಿಂಟನ್, ಗುಟ್ಟು ಬಿಡದೆ.

“ಹೇಳ್ಬೇಡ ಬಿಡು. ನಂಗೆ ಬಂದ್ಬಿಡ್ತು.” ಪಾಕಿ ತಲೆ ಸವರಿಕೊಳ್ಳುತ್ತ ಟ್ರ್ಯಾಕ್ಟರು ಹತ್ತಿ, ಇಂಜಿನ್ನಿನ ಸದ್ದನ್ನೂ ಮೀರಿಸುವಂತೆ ಅದನ್ನೇ ಹಾಡಿಕೊಂಡು ಊರ ನಡುವೆ ಸಾಗಿದ. ಒಂದು ಮಟ್ಟು ಊರು ಹಬ್ಬಲು ಇದಕ್ಕಿಂತ ಹೆಚ್ಚಿನದು ಬೇಕೇ? ಪಾಪ, ಫಿಂಟನ್ನನಿಗೆ ಆಗ ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಫ್ಲ್ಯಾನ್ ಕಿಲ್‌ಮಾರ್ಟಿನ್ ಬಂದ. ಒಳಸುತ್ತಿನ ಪಿಟೀಲುಗಾರ. ಒಂದು ಸಲ ಎಲ್ಲೋ ಸ್ಪರ್ಧೆಯಲ್ಲಿ ಗೆದ್ದಿದ್ದ. ಅವತ್ತಿನಿಂದ ಬೇರೆಯವರು ನುಡಿಸುವಾಗ ಅವನ ಹುಬ್ಬು ಮೇಲಕ್ಕೇ ಇರುತ್ತಿತ್ತು. ಶನಿವಾರದ ಕೂಟಕ್ಕೆ ಮುಂಚೆ ಗಡ್ಡ ಬೋಳಿಸಿಕೊಳ್ಳುವುದು ಅವನ ವ್ರತ. ಕುರ್ಚಿಗೆ ಒರಗಿ, ಮುಖದ ತುಂಬ ನೊರೆ ಹಚ್ಚಿಸಿಕೊಂಡು, ಫಿಂಟನ್ನನ ಗುನುಗು ಎರಡು ನಿಮಿಷ ಕೇಳಿದ. ಆಮೇಲೆ ತಡೆಯಲಾರದೆ ತನ್ನ ಸ್ಪರ್ಧೆ ಗೆದ್ದ ಮಟ್ಟನ್ನು ತಾನೂ ಗುನುಗತೊಡಗಿದ. ಇವನು ಜೋರು ಮಾಡಿದ, ಅವನು ಇನ್ನೂ ಜೋರು ಮಾಡಿದ. ಕತ್ತಿ ಗಂಟಲ ಮೇಲಿದ್ದರೂ ಫ್ಲ್ಯಾನ್ ಸೋಲಲಿಲ್ಲ. ಸಂಗೀತಗಾರರ ಜಾತಿಯೇ ಅಂಥದ್ದು.

ಒಂದು ಗಳಿಗೆ ಫಿಂಟನ್ ಉಸಿರೆಳೆದುಕೊಳ್ಳಲು ನಿಲ್ಲಿಸಿದ. ಮತ್ತೆ ಬಾಯಿ ತೆರೆದರೆ ಬಂದದ್ದು ಫ್ಲ್ಯಾನನ ಮಟ್ಟು.

ಮತ್ತೆ ತೆರೆದ. ಮತ್ತೂ ಅದೇ. ತನ್ನದು ಹೋಗಿತ್ತು. ಮನೆ ಗುಡಿಸಿದ ಹಾಗೆ ತಲೆ ಖಾಲಿ. ಒಂದು ಜನ್ಮಕ್ಕೆ ಒಂದು ಸಿಕ್ಕಿತ್ತು, ಅದನ್ನೂ ಕಳೆದುಕೊಂಡೆನಲ್ಲ ಎಂದು ಅಳು ಬರುವಂತಾಯಿತು.

ಅಷ್ಟರಲ್ಲಿ ಬೀದಿಯಿಂದ ಒಂದು ಶಿಳ್ಳೆ ಕೇಳಿಸಿತು. ಅಂಚೆಯ ಡಿನ್ನಿ ಸೈಕಲ್ ತುಳಿಯುತ್ತ, ಶಿಳ್ಳೆ ಹಾಕುತ್ತ ಹೋಗುತ್ತಿದ್ದ. ಹಾಕುತ್ತಿದ್ದುದು ಅದೇ ಮಟ್ಟು!

ಫಿಂಟನ್ ಕತ್ತಿ ಹಿಡಿದುಕೊಂಡೇ ಬೀದಿಗೆ ಹಾರಿದ. “ನಿಲ್ಲೋ! ಡಿನ್ನಿ, ನಿಲ್ಲೋ! ನಂದು ಕೊಡೋ ನಂಗೆ!”

ಡಿನ್ನಿ ತಿರುಗಿ ನೋಡಿದ. ಬಿಳಿ ಏಪ್ರನ್ನು, ಕೆದರಿದ ಕೂದಲು, ಕೈಯಲ್ಲಿ ಫಳಫಳ ಹೊಳೆಯುವ ಕತ್ತಿ. ಡಿನ್ನಿ ನಿಲ್ಲುವ ಬದಲು ಪೆಡಲನ್ನು ಜೋರಾಗಿ ತುಳಿದ. ಬೀದಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದವು. ಮಾಂಸದಂಗಡಿಯ ಬ್ರೀಡಾ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: “ಏ ಫಿಂಟನ್! ಕಾಗದ ಒಂದಿನ ತಡ ಆಯ್ತು ಅಂತ ಕತ್ತು ಕುಯ್ತೀಯೇನೋ? ಆ ಕೆಲ್ಸಕ್ಕೆ ಆ ಕತ್ತಿ ಸಾಲಲ್ಲ, ನಮ್ಮಂಗ್ಡಿಗೆ ಬಾ!”

ಸೇತುವೆಯ ಏರಿನಲ್ಲಿ ಡಿನ್ನಿಗೆ ಏದುಸಿರು ಬಂತು. ಸೈಕಲ್ ಬಿಟ್ಟು ಕಟ್ಟೆಯ ಮೇಲೆ ಹತ್ತಿ ಕೈಮುಗಿದ. “ತಪ್ಪಾಯ್ತಪ್ಪ, ಏನ್ ತಪ್ಪು ಅಂತ ಆಮೇಲೆ ಹೇಳು, ಮೊದ್ಲು ಅದನ್ನ ಮಡಚು!”

“ಆ ಮಟ್ಟು... ಇನ್ನೊಂದ್ಸಲ... ಶಿಳ್ಳೆ ಹಾಕು,” ಎಂದ ಫಿಂಟನ್, ಏದುತ್ತ.

“ಅಷ್ಟೇನಾ? ನನ್ನ ಪ್ರಾಣಾನೇ ಹೋಗಿತ್ತಲ್ಲೋ ಮಾರಾಯ! ಪಾಕಿ ಟ್ರ್ಯಾಕ್ಟರ್ ಮೇಲೆ ಹಾಡ್ತಿದ್ದ, ಹಿಡ್ಕೊಂಡೆ. ಕೂತ್ಕೋ, ಕಲಿಸ್ತೀನಿ.”

ಊರ ಸೇತುವೆಯ ಮೇಲೆ ಕೂತು ಫಿಂಟನ್ ತನ್ನ ಮಟ್ಟನ್ನು ಅಂಚೆಯವನಿಂದ ಕಲಿತ. ಒಂದೆರಡು ಕಡೆ ಡಿನ್ನಿ ತಪ್ಪು ಹಾಕುತ್ತಿದ್ದ, ಇವನು ತಿದ್ದಿದರೆ, “ಹಾಗಲ್ಲ ಕಣೋ, ಹೀಗೆ. ಗಮನ ಕೊಟ್ಟು ಕೇಳು,” ಎಂದು ಡಿನ್ನಿಯೇ ಗದರಿದ. ಮಟ್ಟು ಸಿಕ್ಕಿತಲ್ಲ ಎಂಬ ಸಂತೋಷದಲ್ಲಿ ಫಿಂಟನ್ ಎಲ್ಲಕ್ಕೂ ಹೂಂಗುಟ್ಟಿದ. ತಲೆಯೆತ್ತಿ ನೋಡಿದರೆ ಎದುರಿಗೆ ಫ್ಲ್ಯಾನ್. ಕೊರಳಿಗೆ ಟವೆಲ್ಲು, ಅರ್ಧ ಮುಖಕ್ಕೆ ಒಣಗಿದ ನೊರೆ, ಮೇಲಕ್ಕೇರಿದ ಹುಬ್ಬು.

“ಗಿರಾಕೀನ ನೊರೆಯಲ್ಲಿ ಬಿಟ್ಟು ಅಂಚೆಯವನ ಹತ್ರ ಪಾಠಕ್ಕೆ ಬಂದ್ಯಾ? ಭೇಷ್!”

ಐದು ಗಂಟೆಗೆ ಫಿಂಟನ್ ಒಳ್ಳೆಯ ಕೋಟು ಹಾಕಿಕೊಂಡು, ಕೊಳಲು ಕಂಕುಳಲ್ಲಿಟ್ಟುಕೊಂಡು ಗ್ಯಾರಿಹಿ ಪಬ್ಬಿನ ಬಾಗಿಲು ತಳ್ಳಿದ. ಇವತ್ತು ಟೀಚರ್ ಕೇಳಲಿ ಬಿಡಲಿ, ತಾನೇ ಎತ್ತುವುದೆಂದು ನಿರ್ಧರಿಸಿಬಿಟ್ಟಿದ್ದ. ಆದರೆ ಒಳಗೆ ಕಾಲಿಟ್ಟವನು ಅಲ್ಲೇ ಕಲ್ಲಾದ. ಒಳಸುತ್ತು, ಹೊರಸುತ್ತು, ಪಿಟೀಲು, ಕೊಳಲು, ಎಲ್ಲ ಸೇರಿ ಆಗಲೇ ಅದನ್ನೇ ನುಡಿಸುತ್ತಿದ್ದವು. ಕೋಳಿಗಳ ಮುಂದೆ ಬೆಳಿಗ್ಗೆ ಹುಟ್ಟಿದ ಕೂಸು ಅಪ್ಪನಿಗಿಂತ ಮೊದಲೇ ಪಬ್ಬು ಸೇರಿತ್ತು.

ಮಟ್ಟು ಮುಗಿಯಿತು. ಪಾಕಿ ಮೇಜು ಗುದ್ದಿದ. “ಸನ್ನಿ ಲಿಲ್ಲಿಸನ ಮಟ್ಟು ಅಂದ್ರೆ ಮಟ್ಟು ಕಣ್ರೋ!”

ಎಲ್ಲರೂ ಬೆಂಕಿಗೂಡಿನ ಮೇಲಿದ್ದ ಪಟದ ಕಡೆ ಗ್ಲಾಸು ಎತ್ತಿದರು. ಸನ್ನಿ ಲಿಲ್ಲಿಸ್ ಸತ್ತು ಮೂವತ್ತು ವರ್ಷ. ಊರು ಕಂಡ ಅತಿದೊಡ್ಡ ಪಿಟೀಲುಗಾರ ಎಂದು ಪ್ರತೀತಿ. ಕಿಲ್‌ಮೋನಾದ ಅತ್ಯುತ್ತಮ ಮಟ್ಟುಗಳೆಲ್ಲ ಅವನವು. ಪಟದಲ್ಲಿ ಅವನು ಹಲ್ಲುನೋವು ಬಂದವನ ಹಾಗೆ ಕೂತಿದ್ದ.

“ಸನ್ನೀದಲ್ಲ!” ಫಿಂಟನ್ನನ ದನಿ ಅವನಿಗೇ ಗುರುತು ಸಿಗದಷ್ಟು ಕೀರಲಾಗಿತ್ತು. “ನಂದು! ನಾನೇ ಕಟ್ಟಿದ್ದು. ಇವತ್ತು ಬೆಳಿಗ್ಗೆ, ನಮ್ಮ ಶೆಡ್ಡಲ್ಲಿ!”

ಎತ್ತಿದ ಗ್ಲಾಸುಗಳು ಒಂದೊಂದಾಗಿ ಮೇಜಿಗೆ ಇಳಿದವು. ಆ ಊರಲ್ಲಿ ಪಕ್ಕದವನ ಹಸು ಕದ್ದರೆ ಹತ್ತು ವರ್ಷಕ್ಕೆ ಮರೆಯುತ್ತಾರೆ. ಸತ್ತವನ ಮಟ್ಟನ್ನು ತನ್ನದು ಎಂದವನನ್ನು ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ.

ಫ್ಲ್ಯಾನ್ ಎದ್ದುನಿಂತ. “ಕಟ್ಟಿದ್ನಂತೆ! ಮಧ್ಯಾಹ್ನ ಸೇತುವೆ ಮೇಲೆ ಡಿನ್ನಿ ಹತ್ರ ಕೂತು ಕಲೀತಿದ್ದದ್ದನ್ನ ಈ ಕಣ್ಣಲ್ಲೇ ನೋಡಿದೀನಿ. ಏನ್ ಡಿನ್ನಿ, ಸುಳ್ಳಾ?”

“ಕಲಿಸಿದ್ದು ನಿಜ,” ಎಂದ ಡಿನ್ನಿ. “ಎರಡನೇ ಚರಣ ಬರೋಕೆ ಸ್ವಲ್ಪ ಹೊತ್ತು ಹಿಡೀತು ಪಾಪ.”

“ನಮ್ಮ ತಾಯಿ ಹಾಲು ಕರೀತಾ ಹಾಡ್ತಿದ್ಲು,” ಎಂದ ಪಾಕಿ. ಬೆಳಿಗ್ಗೆ “ಹೇಳ್ಕೊಳ್ತಿದ್ದಂಗೆ ಐತೆ” ಎಂದಿದ್ದು ಸಂಜೆಗೆ “ಹಾಡ್ತಿದ್ಲು” ಆಗಿತ್ತು.

“ಮೇಲಕ್ಕೆ ಹೋಗಿ, ತೂಗಾಡಿ, ಮೆತ್ತಗೆ ಜಾರುತ್ತಲ್ಲ,” ಎಂದ ಫ್ಲ್ಯಾನ್, “ಅದು ಸನ್ನಿಯ ರುಜು ಕಣಪ್ಪ. ಸತ್ತೋರ ಜೇಬಿಗೆ ಕೈ ಹಾಕೋಕೆ ನಾಚ್ಕೆ ಆಗಲ್ವಾ?”

ಫಿಂಟನ್ ಏನೇನೋ ಹೇಳಲು ಹೋದ. ಬೆರಳು ಜಾರಿದ್ದು, ಕೋಳಿ, ಗುನುಗು. ಒಂದಕ್ಕೊಂದು ಸೇರದೆ ಎಲ್ಲವೂ ಕಳ್ಳನ ಮಾತಿನ ಹಾಗೇ ಕೇಳಿಸಿತು. ಸಾಕ್ಷಿಗೆ ಕೋಳಿಗಳ ಹೆಸರು ಹೇಳಿದಾಗಲಂತೂ ಹಿಂದಿನಿಂದ ಯಾರೋ ಕೊಕ್ಕೊಕ್ಕೋ ಎಂದರು.

ಆಗ ಅಸಂಪ್ಟಾ ಟೀಚರ್ ಕೈಯೆತ್ತಿದಳು. ಎಲ್ಲರ ಬಾಯಿ ಮುಚ್ಚಿತು. ಒಂದನೇ ತರಗತಿಯ ಅಭ್ಯಾಸ.

“ಫಿಂಟನ್, ಇಲ್ಲಿ ಬಾ. ನಿಮ್ಮಪ್ಪನೂ ಅದೇ ಅಂಗಡೀಲಿ ಕ್ಷೌರ ಮಾಡ್ತಿದ್ದ, ಅಲ್ವೇನೋ?”

“ಹೌದು ಟೀಚರ್.”

“ಸನ್ನಿ ಅಲ್ಲಿಗೇ ಬರ್ತಿದ್ದ. ನೀನು ಚಿಕ್ಕ ಹುಡುಗ, ಮೂಲೇಲಿ ಕೂತಿರ್ತಿದ್ದೆ. ಅವನು ಕುರ್ಚೀಲಿ ಕೂತು ಗುನುಗ್ತಿದ್ದದ್ದು ನಿನ್ನ ಕಿವಿಗೆ ಬಿದ್ದು, ಇಷ್ಟು ವರ್ಷ ಒಳಗೇ ಮಲಗಿದ್ದು, ಇವತ್ತು ಎದ್ದಿದೆ. ಹೀಗಾಗಿರಬಹುದಲ್ವಾ?” ಆಕೆ ತನ್ನ ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. “ಹಾಗಿದ್ರೆ, ನನ್ನ ಬಿಟ್ರೆ ಸನ್ನಿಯ ಬಾಯಿಂದಾನೇ ಕೇಳಿದೋನು ಈ ಊರಲ್ಲಿ ಉಳಿದಿರೋದು ನೀನೊಬ್ನೇ. ನಿನ್ನ ಜಾಗ ಇಲ್ಲಿ. ಹಾಗಲ್ಲ ಅಂದ್ರೆ... ಯೋಚ್ನೆ ಮಾಡಿ ಹೇಳು.”

ಕುರ್ಚಿ ಒಳಸುತ್ತಿನದು. ಬೆಂಕಿಯ ಪಕ್ಕದ್ದು. ಇನ್ನೊಂದು ಕಡೆ ಪಾಯಖಾನೆಯ ಬಾಗಿಲಿನ ಸ್ಟೂಲು. ಇನ್ನು ಮೇಲೆ ಅದೂ ಇರುತ್ತದೋ ಇಲ್ಲವೋ. ತನ್ನದು ಎಂದರೆ ಮಟ್ಟು ಯಾರೂ ನುಡಿಸದೆ ಸಾಯುತ್ತದೆ. ಸನ್ನಿಯದು ಎಂದರೆ ಬದುಕುತ್ತದೆ, ಬೇರೆಯವನ ಹೆಸರಿನಲ್ಲಿ. ಫಿಂಟನ್ ಪಟ ನೋಡಿದ, ಕುರ್ಚಿ ನೋಡಿದ.

“ಗುನುಗ್ತಿದ್ದ, ಟೀಚರ್,” ಎಂದ. “ಈಗ ನೆನಪಾಯ್ತು.”

ಪಬ್ಬು ಹೋ ಎಂದಿತು. ಯಾರೋ ಕರಿ ಬಿಯರಿನ ಗ್ಲಾಸು ತಂದು ಕೈಗಿತ್ತರು, ಯಾರೋ ಬೆನ್ನು ತಟ್ಟಿದರು. ಟೀಚರ್ ತಿರುಗಿ ಹೇಳಿದಳು: “ನಿಂದೊಂದು ಆಗ್ಲಿ.”

ಫಿಂಟನ್ ಎತ್ತಿದ. ಮೊದಲ ಸಾಲು ಅವನೊಬ್ಬನದೇ. ಎರಡನೆಯ ಸಾಲಿಗೆ ಟೀಚರಳ ಪೆಟ್ಟಿಗೆ ಸೇರಿತು, ಆಮೇಲೆ ಪಿಟೀಲುಗಳು, ಆಮೇಲೆ ಇಡೀ ಕೋಣೆ. ಮಟ್ಟು ಮೇಲಕ್ಕೇರಿ ತೂಗಾಡಿದಾಗ ಅಷ್ಟೂ ಜನ ಒಟ್ಟಿಗೆ ಉಸಿರು ಹಿಡಿದರು, ಒಟ್ಟಿಗೆ ಜಾರಿದರು. ಅವನ ಒಂದು ಬೆರಳಿನ ತಪ್ಪು ಊರಿಗೆ ಊರೇ ಮಾಡುವ ತಪ್ಪಾಗಿ, ಎಷ್ಟು ಚೆಂದವಾಗಿತ್ತೆಂದರೆ ಫಿಂಟನ್ನನಿಗೆ ಹೆಸರು ಗಿಸರು ಯಾವುದೂ ನೆನಪಿರಲಿಲ್ಲ. ಎದೆ ತುಂಬಿ ಬಂದು, ಕೊನೆಯ ಸ್ವರಕ್ಕೆ ಉಸಿರೇ ಉಳಿಯಲಿಲ್ಲ.

“ಪರವಾಗಿಲ್ಲ,” ಎಂದ ಫ್ಲ್ಯಾನ್. “ಆದ್ರೆ ಎರಡನೇ ಚರಣದಲ್ಲಿ ಒಂದು ತಪ್ಪು ಮಾಡ್ತೀಯ. ಸನ್ನಿ ಹಾಗೆ ನುಡಿಸ್ತಿರ್ಲಿಲ್ಲ.”

ಬಿಡುವಿನಲ್ಲಿ ಎಲ್ಲರೂ ಗ್ಲಾಸು ತುಂಬಿಸಲು ಎದ್ದರು. ಬೆಂಕಿಯ ಬಳಿ ಇಬ್ಬರೇ ಉಳಿದರು. ಫಿಂಟನ್ ತಲೆ ತಗ್ಗಿಸಿ ಕೂತಿದ್ದ.

“ಸುಳ್ಳು ಹೇಳಿದೆ ಟೀಚರ್,” ಎಂದ ಮೆಲ್ಲಗೆ. “ಸನ್ನಿ ನಮ್ಮಂಗ್ಡೀಲಿ ಯಾವತ್ತೂ ಗುನುಗಿಲ್ಲ. ಕೂತ ತಕ್ಷಣ ಗೊರಕೆ ಹೊಡೀತಿದ್ದ.”

“ಗೊತ್ತು ಕಣೋ,” ಎಂದಳು ಟೀಚರ್, ಬೆಂಕಿಯನ್ನು ಕೆದಕುತ್ತ. “ಸನ್ನಿಗೆ ಬರ್ತಿದ್ದದ್ದೇ ಮೂರು ಮಟ್ಟು. ಅದರಲ್ಲೊಂದು ರಾಷ್ಟ್ರಗೀತೆ.”

ಫಿಂಟನ್ ಬಾಯಿ ಬಿಟ್ಟುಕೊಂಡು ಪಟ ನೋಡಿದ. “ಮತ್ತೆ... ಊರಲ್ಲಿರೋ ಸನ್ನಿಯ ಮಟ್ಟುಗಳೆಲ್ಲಾ?”

“ನಾನು ಕಟ್ಟಿದ್ದು.”

ಆಕೆ ಅದನ್ನು ಹಾಲು ತರಿಸಬೇಕು ಎನ್ನುವ ದನಿಯಲ್ಲೇ ಹೇಳಿದಳು. “ಆ ಕಾಲದಲ್ಲಿ ಸ್ಕೂಲಲ್ಲಿ ಪಾಠ ಹೇಳೋ ಹುಡುಗಿ ಕಟ್ಟಿದ ಮಟ್ಟನ್ನ ಯಾವ ಗಂಡಸು ನುಡಿಸ್ತಿದ್ದ? ಒಂದ್ಸಲ ನಂದೇ ಅಂತ ಹೇಳಿ ನೋಡಿದ್ದೆ. ಪಾಕಿಯ ಅಪ್ಪ ನಕ್ಕಿದ್ದು ಈಗ್ಲೂ ಕಿವೀಲಿದೆ. ಮುಂದಿನ ವಾರ ಅದನ್ನೇ ‘ಸನ್ನಿ ಹತ್ರ ಕಲಿತೆ’ ಅಂದೆ. ಅಳ್ತಾ ನುಡಿಸಿದ್ರು ಕಣೋ, ಅಳ್ತಾ! ಸನ್ನಿ ಸತ್ತಿದ್ದ ಪಾಪ, ಇಲ್ಲ ಅನ್ನೋಕೂ ಇರ್ಲಿಲ್ಲ. ಆ ಜಾರು ನಂದು, ಫಿಂಟನ್. ನಂದನ್ನ ಕೇಳಿ ಕೇಳಿ ನಿನ್ನ ಬೆರಳಿಗೆ ಬಂದಿದೆ. ಬಾಗ್ಲಲ್ಲಿ ನಿಂತು ‘ನಂದು’ ಅಂತ ಕಿರುಚಿದ್ಯಲ್ಲ, ಸುಳ್ಳಲ್ಲ ಅಂತ ಆಗ್ಲೇ ಗೊತ್ತಾಯ್ತು.”

ಫಿಂಟನ್ ಕುರ್ಚಿಯಿಂದ ಅರ್ಧ ಎದ್ದ. ಇಡೀ ಊರಲ್ಲಿ ಒಬ್ಬರಿಗಾದರೂ ನಿಜ ಗೊತ್ತಿದೆ! “ಹಾಗಾದ್ರೆ ಹೇಳ್ಬಿಡಿ ಟೀಚರ್! ಇಬ್ಬರೂ ಹೇಳೋಣ. ನಿಮ್ಮದು ನಿಮ್ಮದು, ನಂದು ನಂದು!”

“ಹುಚ್ಚಪ್ಪ. ಹೇಳಿದ್ರೆ ಅವ್ರಿಗೆ ಸನ್ನಿ ಹೋಗ್ತಾನೆ. ಪಟ ಇಳಿಸ್ತಾರೆ. ಆಮೇಲೆ ಯಾವ ಮಟ್ಟು ನುಡಿಸಿದ್ರೂ ‘ಚೆನ್ನಾಗಿದೆಯಾ’ ಅಂತ ಅನುಮಾನ ಶುರುವಾಗುತ್ತೆ. ಈಗ ಸನ್ನೀದು ಅಂತ ಕಣ್ಣು ಮುಚ್ಚಿ ಪ್ರೀತಿಸ್ತಾರಲ್ಲ.” ಗಂಟುಗಟ್ಟಿದ ಬೆರಳುಗಳನ್ನು ಅವನ ಕೈಮೇಲಿಟ್ಟು ಒತ್ತಿದಳು. “ಎರಡು ಚಳಿಗಾಲದಿಂದ ನಂಗೆ ಒಂದೂ ಹೊಳೆದಿಲ್ಲ. ಸನ್ನಿ ಬತ್ತಿಹೋದ ಅಂದ್ಕೊಂಡಿದ್ದೆ. ಇನ್ನು ಮೇಲೆ ಸನ್ನಿ ನೀನೇ.”

ಅಷ್ಟು ಹೇಳಿ ಆಕೆ ಎದ್ದುನಿಂತು ಚಪ್ಪಾಳೆ ತಟ್ಟಿದಳು.

“ಕೇಳ್ರಪ್ಪ! ಸನ್ನಿ ಗುನುಗ್ತಿದ್ದ ಇನ್ನೂ ಒಂದಷ್ಟು ಮಟ್ಟು ಫಿಂಟನ್‌ಗೆ ನೆನಪಾಗ್ತಿದೆಯಂತೆ. ಮುಂದಿನ ಶನಿವಾರ ಒಂದು, ಅದರ ಮುಂದಿನ ಶನಿವಾರ ಇನ್ನೊಂದು!”

ಪಬ್ಬು ಮತ್ತೆ ಹೋ ಎಂದಿತು. ಪಾಕಿ ಕಣ್ಣೊರೆಸಿಕೊಂಡ. ಫ್ಲ್ಯಾನ್ ಕಿಲ್‌ಮಾರ್ಟಿನ್ ಜನರನ್ನು ತಳ್ಳಿಕೊಂಡು ಬಂದು, ಜೀವಮಾನದಲ್ಲಿ ಮೊದಲ ಸಲ ಹುಬ್ಬು ಇಳಿಸಿ, ಫಿಂಟನ್ನನ ಕೈ ಹಿಡಿದು ಗಟ್ಟಿಯಾಗಿ ಕುಲುಕಿದ.

“ಆಗ ಆಡಿದ್ದನ್ನ ಮನಸ್ಸಿಗೆ ಹಚ್ಕೋಬೇಡ ಕಣಪ್ಪ. ಮಟ್ಟು ಯಾರು ಬೇಕಾದ್ರೂ ಕಟ್ತಾರೆ, ಅದೇನ್ ದೊಡ್ಡದು? ಇಷ್ಟು ವರ್ಷ ನೆನಪಿಟ್ಕೊಳ್ಳೋದಿದೆ ನೋಡು, ಅದಕ್ಕೆ ಬೇಕು ತಲೆ!”